ಅಧ್ಯಾಪಕರಿಗೆ ವಿದ್ಯಾರ್ಥಿಗಳು ಕಲಿಸಬಲ್ಲರೆ?

ಪರೀಕ್ಷೆಯೆಂದೊಡನೆ ಅಧ್ಯಾಪಕರು ಪ್ರಶ್ನೆ ಕೇಳುವುದು, ವಿದ್ಯಾರ್ಥಿಗಳು ಉತ್ತರ ಬರೆಯುವುದು ಎಂಬ ಕ್ರಮವೇ ನಮ್ಮ ಮನಸ್ಸಿಗೆ ಬರುತ್ತದೆ. ಈಚಿನ ವರ್ಷಗಳಲ್ಲಿ ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಇದರ ವಿಲೋಮಕ್ರಮವೂ ರೂಢಿಗೆ ಬಂದಿದೆ. ಸೆಮಿಸ್ಟರು ಮುಗಿಯುವ ಹೊತ್ತಿಗೆ ವಿದ್ಯಾರ್ಥಿಗಳ ಕೈಗೆ, ಇಲ್ಲವೆ ಅವರ ಮೊಬೈಲಿನ ಪರದೆಗೆ, ಒಂದು ಅಭಿಪ್ರಾಯಪತ್ರ ಬರುತ್ತದೆ. ಅಧ್ಯಾಪಕರು ಪಾಠಕ್ಕೆ ಸಿದ್ಧರಾಗಿ ಬರುತ್ತಿದ್ದರೋ ಇಲ್ಲವೋ, ವಿಷಯವನ್ನು ತಿಳಿಯಾಗಿ ಹೇಳಿದರೋ ಇಲ್ಲವೋ, ಪಠ್ಯಕ್ರಮವನ್ನು ಮುಗಿಸಿದರೋ ಇಲ್ಲವೋ ಎಂಬ ಪ್ರಶ್ನೆಗಳಿಗೆ ಅವರು ಒಂದರಿಂದ ಐದರೊಳಗಿನ ಅಂಕವೊಂದನ್ನು ಗುರುತು ಮಾಡಬೇಕು. ಆ ಅಂಕಗಳನ್ನು ಕೂಡಿಸಿ, ಭಾಗಿಸಿ, ಸರಾಸರಿ ತೆಗೆದು ಕಡತಕ್ಕೆ ಸೇರಿಸುವುದರೊಂದಿಗೆ ಕಾರ್ಯ ಮುಗಿಯುತ್ತದೆ.

ಇದರಿಂದ ಅಧ್ಯಾಪಕರ ಪಾಠ ಸುಧಾರಿಸುತ್ತದೆಯೆ? ಸುಧಾರಿಸಬೇಕಾದರೆ ಏನು ಮಾಡಬೇಕು? ಇದನ್ನು ಇಲ್ಲಿ ವಿಚಾರ ಮಾಡೋಣ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ವಿದ್ಯಾರ್ಥಿಗಳ ಮಾತು ಅಧ್ಯಾಪಕರಿಗೆ ಪಾಠವಾಗಬಲ್ಲುದು, ಆದರೆ ಅದು ಪಾಠದ ನಡುವೆಯೇ ಬರಬೇಕು, ಒಬ್ಬ ಸಹೋದ್ಯೋಗಿಯ ಜೊತೆಯಲ್ಲಿ ಓದಲ್ಪಡಬೇಕು, ವಿದ್ಯಾರ್ಥಿಗಳಿಗೆ ಅದಕ್ಕೆ ಉತ್ತರ ಸಿಗಬೇಕು. ಅದೇ ಮಾತನ್ನು ಅಧ್ಯಾಪಕರನ್ನು ತೂಗುವ ಕಲ್ಲನ್ನಾಗಿ ಮಾಡಿದರೆ ತೂಕವೂ ಸರಿಬಾರದು, ಪಾಠವೂ ಸರಿಹೋಗದು.

ಈ ವಿಚಾರವನ್ನು ಒಂದು ಸೀಮೆಗೆ ಅನ್ವಯಿಸಿ ನೋಡಿದರೆ ಹೆಚ್ಚು ಸ್ಪಷ್ಟವಾದೀತು. ಕೊಡಗಿನ ಉತ್ತರದ ಅಂಚಿನಲ್ಲಿ, ಕಾವೇರಿಯ ದಡದಲ್ಲಿ ಶಿರಂಗಾಲವೆಂಬ ಊರಿದೆ. ಕುಶಾಲನಗರದಿಂದ ಕೂಡಿಗೆ, ಹೆಬ್ಬಾಲೆ, ತೊರೆನೂರುಗಳ ಮಾರ್ಗವಾಗಿ ಹೋಗುವವರಿಗೆ ಕೊಡಗು ಇಲ್ಲಿಗೆ ಮುಗಿದು ಹಾಸನ ಜಿಲ್ಲೆ ಮೊದಲಾಗುತ್ತದೆ. ಕಾಫಿತೋಟಗಳ ಕೊಡಗಲ್ಲ ಇದು. ಭತ್ತ, ಮುಸುಕಿನ ಜೋಳ, ಶುಂಠಿ ಬೆಳೆಯುವ ಬಯಲು. ಊರಿನಲ್ಲಿ ಪದವಿಪೂರ್ವ ಕಾಲೇಜು ಉಂಟು. ಅಲ್ಲಿಂದ ಮುಂದಕ್ಕೆ, ಅದರಲ್ಲಿಯೂ ಸ್ನಾತಕೋತ್ತರ ವ್ಯಾಸಂಗಕ್ಕೆ, ಈ ಸೀಮೆಯ ಮಕ್ಕಳು ಮೈಸೂರಿನ ಮಾನಸಗಂಗೋತ್ರಿಗೋ ಘಟ್ಟದ ಕೆಳಗಿನ ಮಂಗಳಗಂಗೋತ್ರಿಗೋ ಹೋಗಬೇಕಾಗಿದ್ದ ಕಾಲವೊಂದಿತ್ತು. ಮಂಗಳೂರು ವಿಶ್ವವಿದ್ಯಾನಿಲಯವು ಇದೇ ಸೀಮೆಯ ಚಿಕ್ಕ ಅಳುವಾರದಲ್ಲಿ ‘ಜ್ಞಾನಕಾವೇರಿ’ ಎಂಬ ಸ್ನಾತಕೋತ್ತರ ಕೇಂದ್ರವನ್ನು ತೆರೆದಾಗ ಆ ದೂರ ಕಡಿಮೆಯಾಯಿತು. ಆ ಕೇಂದ್ರವೇ 2023ರಲ್ಲಿ ಕೊಡಗು ವಿಶ್ವವಿದ್ಯಾನಿಲಯವಾಯಿತು. ಹೊಸ ವಿಶ್ವವಿದ್ಯಾನಿಲಯಗಳನ್ನು ಉಳಿಸಿಕೊಳ್ಳಬೇಕೆ, ಹಳೆಯವುಗಳೊಡನೆ ಸೇರಿಸಬೇಕೆ ಎಂಬ ಚರ್ಚೆ 2025ರಲ್ಲಿ ಸರ್ಕಾರದ ಮಟ್ಟದಲ್ಲಿ ನಡೆದಾಗ ಇದರ ಹೆಸರೂ ಕೇಳಿಬಂದಿತು. ಆ ಆಡಳಿತದ ಪ್ರಶ್ನೆ ಇಲ್ಲಿ ನಮ್ಮ ವಿಷಯವಲ್ಲ. ಹೆಬ್ಬಾಗಿಲ ಫಲಕದಲ್ಲಿ ಯಾವ ಹೆಸರಿದ್ದರೂ ಕೊಠಡಿಯೊಳಗೆ ಇರುವವರು ಒಬ್ಬ ಅಧ್ಯಾಪಕರು ಮತ್ತು ಕೆಲವೇ ಮಂದಿ ವಿದ್ಯಾರ್ಥಿಗಳು. ಆ ವಿದ್ಯಾರ್ಥಿಗಳಲ್ಲಿ ಹಲವರು ತಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗರು. ಪಾಠ ಅರ್ಥವಾಗದಿದ್ದರೆ ಮನೆಯಲ್ಲಿ ಹೇಳಿಕೊಡುವವರಿಲ್ಲ. ಬೇರೆಡೆಗೆ ಹೋಗಿ ಕಲಿಯಲು ಹಣವಿಲ್ಲ. ಪಾಠ ಎಲ್ಲಿ ತಪ್ಪುತ್ತಿದೆ ಎಂಬುದು ಅಧ್ಯಾಪಕರಿಗೆ ಸಕಾಲದಲ್ಲಿ ತಿಳಿಯುವುದು ಇಂತಹ ಕೊಠಡಿಯಲ್ಲಿ ಅತ್ಯಂತ ಅಗತ್ಯ.

ಈಗಿನ ಅಭಿಪ್ರಾಯಪತ್ರಗಳು ಅದನ್ನು ತಿಳಿಸುತ್ತವೆಯೆ? ನಮ್ಮ ದೇಶದ ಕಾಲೇಜುಗಳ ಗುಣಮಟ್ಟವನ್ನು ಅಳೆಯುವ ನ್ಯಾಕ್ ಸಂಸ್ಥೆ 1994ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಸ್ಥಾಪಿತವಾಯಿತು. 2017ರಲ್ಲಿ ಅದು ತನ್ನ ಕ್ರಮವನ್ನು ಪರಿಷ್ಕರಿಸಿದಾಗ ವಿದ್ಯಾರ್ಥಿಗಳ ಸಂತೃಪ್ತಿ ಸಮೀಕ್ಷೆಯೊಂದನ್ನು ಸೇರಿಸಿತು. ಅದರಲ್ಲಿ ಗುರುತು ಹಾಕುವ ಪ್ರಶ್ನೆಗಳು 20. 21ನೆಯದು ಮಾತ್ರ, ಬೋಧನೆ ಉತ್ತಮಗೊಳ್ಳಲು ನಿಮ್ಮ ಸಲಹೆಗಳೇನು ಎಂದು ಕೇಳಿ, ಬರೆಯಲು ಸ್ಥಳ ಬಿಟ್ಟಿತ್ತು. ವಿದ್ಯಾರ್ಥಿಗಳನ್ನು ಕೇಳಬೇಕೆಂಬ ತತ್ವ ಸ್ವಾಗತಾರ್ಹವೇ ಸರಿ. ಆದರೆ ಆ ಪ್ರಶ್ನೆಗಳು ‘ಅಧ್ಯಾಪಕರು’ ಎಂದು ಇಡೀ ಸಂಸ್ಥೆಯವರನ್ನು ಒಟ್ಟಾಗಿ ಹಿಡಿದು ಕೇಳುವಂಥವು. ಸಂಸ್ಥೆಗೆ ಅದರಿಂದ ಒಂದು ಅಂದಾಜು ಸಿಕ್ಕೀತು. ರಸಾಯನಶಾಸ್ತ್ರದ ಅಧ್ಯಾಪಕರಿಗೆ ತಮ್ಮ ಮೂರನೆಯ ಅಧ್ಯಾಯ ಏಕೆ ಯಾರಿಗೂ ಹತ್ತಲಿಲ್ಲ ಎಂಬುದು ತಿಳಿಯದು. ಅದನ್ನು ತಿಳಿಸಬಲ್ಲುದು 21ನೆಯ ಪ್ರಶ್ನೆಯ ಜಾತಿಯದು ಮಾತ್ರ. ಕೂಡಿಸಿ ಭಾಗಿಸಲು ಬಾರದ ಆ ಉತ್ತರವನ್ನೇ ಓದಲು ಯಾರಿಗೂ ಪುರಸೊತ್ತಿರುವುದಿಲ್ಲ.

ವಿದ್ಯಾರ್ಥಿಗಳಿಂದ ಅಧ್ಯಾಪಕರ ಮೌಲ್ಯಮಾಪನ ಹೊಸದಲ್ಲ. 1920ರ ದಶಕದಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ಹರ್ಮನ್ ರೆಮ್ಮರ್ಸ್ ಎಂಬ ಮನಶ್ಶಾಸ್ತ್ರಜ್ಞರು ಇದಕ್ಕಾಗಿ ಒಂದು ಮಾನಕವನ್ನು ರಚಿಸಿದರು. ಅಂದಿನಿಂದ ಇಂದಿನವರೆಗೆ ವಿದ್ವಾಂಸರನ್ನು ಕಾಡುತ್ತಿರುವ ಪ್ರಶ್ನೆ ಒಂದೇ: ಈ ಅಂಕಗಳು ಅಳೆಯುವುದು ಏನನ್ನು?

ಅಡುಗೆ ಬಾರದವನಿಗೂ ಸಾರಿಗೆ ಉಪ್ಪು ಹೆಚ್ಚಾದುದು ತಿಳಿಯುತ್ತದೆ. ಹಾಗೆಯೇ ಅಧ್ಯಾಪಕರ ಧ್ವನಿ ಹಿಂದಿನ ಬೆಂಚಿಗೆ ಕೇಳಿಸುತ್ತದೆಯೆ, ಹಲಗೆಯ ಮೇಲಿನ ಬರಹ ಕಾಣುತ್ತದೆಯೆ, ಪಾಠದ ವೇಗ ಹೆಚ್ಚೆ ಕಡಮೆಯೆ, ಕೇಳಿದ ಸಂದೇಹಕ್ಕೆ ಉತ್ತರ ದೊರೆಯಿತೆ ಅಥವಾ ಗದರಿಕೆ ದೊರೆಯಿತೆ ಎಂಬುದನ್ನು ಹೇಳಲು ವಿದ್ಯಾರ್ಥಿಗಿಂತ ಅರ್ಹನಾದ ಸಾಕ್ಷಿ ಬೇರೊಬ್ಬನಿಲ್ಲ. ಆದರೆ ಉಂಡ ಊಟದಲ್ಲಿ ಪುಷ್ಟಿ ಎಷ್ಟಿತ್ತೆಂಬುದನ್ನು ನಾಲಗೆ ಹೇಳಲಾರದು. ಕಲಿತದ್ದು ಎಷ್ಟು, ಅದು ಎಷ್ಟು ಕಾಲ ನಿಂತೀತು, ಅಧ್ಯಾಪಕರು ಹೇಳಿದ ವಿಷಯ ಇಂದಿನ ಜ್ಞಾನಕ್ಕೆ ಸಮನಾಗಿತ್ತೆ ಎಂಬುವು ಪುಷ್ಟಿಯ ಪ್ರಶ್ನೆಗಳು. ನಮ್ಮ ಅಭಿಪ್ರಾಯಪತ್ರಗಳು ಈ ಎರಡನ್ನೂ ಒಂದೇ ಎಲೆಯಲ್ಲಿ ಬಡಿಸಿ ಒಂದೇ ಅಂಕ ಕೇಳುತ್ತವೆ.

ರುಚಿ ಪುಷ್ಟಿಗಳು ಬೇರೆಬೇರೆ ಎಂಬುದಕ್ಕೆ ಪ್ರಯೋಗಗಳ ಆಧಾರವೂ ಉಂಟು. ಅಮೆರಿಕದ ವಾಯುಸೇನಾ ಅಕಾಡೆಮಿಯಲ್ಲಿ ವಿದ್ಯಾರ್ಥಿಗಳನ್ನು ತರಗತಿಗಳಿಗೆ ಚೀಟಿಯೆತ್ತಿದಂತೆ ಹಂಚುವ ಪದ್ಧತಿಯಿದೆ. ಎಲ್ಲ ತರಗತಿಗಳಿಗೂ ಪರೀಕ್ಷೆ ಒಂದೇ. ಅಲ್ಲಿನ ದಾಖಲೆಗಳನ್ನು ಕ್ಯಾರೆಲ್ ಮತ್ತು ವೆಸ್ಟ್ ಎಂಬ ಅರ್ಥಶಾಸ್ತ್ರಜ್ಞರು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದರು. ಕಲನಶಾಸ್ತ್ರದ ಮೊದಲ ಪಾಠದಲ್ಲಿ ಅನುಭವ ಕಡಮೆಯಿರುವ ಅಧ್ಯಾಪಕರ ವಿದ್ಯಾರ್ಥಿಗಳು ಆ ಸಲದ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದರು. ತಮ್ಮ ಅಧ್ಯಾಪಕರಿಗೆ ಒಳ್ಳೆಯ ಅಂಕವನ್ನೂ ಕೊಟ್ಟರು. ಅದೇ ವಿದ್ಯಾರ್ಥಿಗಳು ಮುಂದಿನ ಹಂತದ ಗಣಿತಕ್ಕೆ ಹೋದಾಗ ಹಿಂದೆ ಬಿದ್ದರು. ಅನುಭವಿಗಳ ಕೈಯಲ್ಲಿ ಕಲಿತು, ಅವರಿಗೆ ಕಡಮೆ ಅಂಕ ಕೊಟ್ಟಿದ್ದವರು ಮುಂದಿನ ಹಂತದಲ್ಲಿ ಮೇಲಾದರು. 2019ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ತರಗತಿಗಳಿಂದ ಬಂದ ಫಲಿತಾಂಶವೂ ಇದಕ್ಕೆ ಸಮೀಪದ್ದೇ. ಒಂದು ಗುಂಪು ಸೊಗಸಾದ ಉಪನ್ಯಾಸ ಕೇಳಿತು. ಇನ್ನೊಂದು ಗುಂಪು ಅದೇ ವಿಷಯವನ್ನು ತಾನೇ ಲೆಕ್ಕ ಬಿಡಿಸಿ, ಚರ್ಚಿಸಿ ಕಲಿಯಿತು. ಹೆಚ್ಚು ಕಲಿತದ್ದು ಎರಡನೆಯ ಗುಂಪು. ಹೆಚ್ಚು ಕಲಿತೆವೆಂದು ಭಾವಿಸಿದ್ದು ಮೊದಲನೆಯದು. ಕಷ್ಟಪಟ್ಟು ಕಲಿಯುವಾಗ ತನಗೆ ಬಾರದೆಂಬ ಅರಿವು ಹೆಚ್ಚುವುದು ಸಹಜ. ಆ ಅರಿವು ಅಂಕದಲ್ಲಿ ಅಧ್ಯಾಪಕರ ದೋಷವಾಗಿ ಕಾಣಿಸಿಕೊಳ್ಳುತ್ತದೆ.

ಪಾಠಕ್ಕೆ ಸಂಬಂಧವೇ ಇಲ್ಲದ ಸಂಗತಿಗಳೂ ಅಂಕವನ್ನು ಏರಿಳಿಸಬಲ್ಲುವು. ಉತ್ತರ ಕೆರೊಲಿನಾ ರಾಜ್ಯ ವಿಶ್ವವಿದ್ಯಾನಿಲಯದಿಂದ 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮುಖ ಕಾಣದಂತೆ ಅಂತರಜಾಲದ ಮೂಲಕ ಪಾಠ ನಡೆಸಿದ ಒಬ್ಬ ಪುರುಷ ಮತ್ತು ಒಬ್ಬ ಸ್ತ್ರೀ, ಒಂದು ಗುಂಪಿಗೆ ತಮ್ಮ ಹೆಸರಿನಿಂದಲೂ ಇನ್ನೊಂದು ಗುಂಪಿಗೆ ಪರಸ್ಪರ ಹೆಸರು ಬದಲಿಸಿಕೊಂಡೂ ಕಲಿಸಿದರು. ಕಲಿಸಿದವರು ಯಾರೇ ಆಗಿರಲಿ, ಗಂಡಸಿನ ಹೆಸರಿಗೆ ಹೆಚ್ಚು ಅಂಕ ಬಂದಿತು. ಪ್ರಯೋಗ ಸಣ್ಣದು, ಅದರಿಂದ ಎಲ್ಲವನ್ನೂ ತೀರ್ಮಾನಿಸಲಾಗದು. ಆದರೆ ಎಚ್ಚರಿಕೆಗೆ ಸಾಕು.

ಹಾಗೆಂದು ಈ ಅಂಕಗಳನ್ನು ಎಸೆದುಬಿಡಬೇಕೆಂದಲ್ಲ. ಶಿರಂಗಾಲಕ್ಕಿಂತ ಮೇಲೆ, ಕೂಡಿಗೆಯಲ್ಲಿ, ಕೇಂದ್ರ ಜಲ ಆಯೋಗದವರು ಕಾವೇರಿಯ ಹರಿವನ್ನು ಅಳೆಯುವ ಕೇಂದ್ರವೊಂದಿದೆ. ನದಿಯಲ್ಲಿ ನಿಲ್ಲಿಸಿದ ಅಳತೆಗೋಲು ತೋರಿಸುವುದು ನೀರಿನ ಮಟ್ಟವನ್ನೇ ಹೊರತು ಹರಿದ ನೀರಿನ ಪ್ರಮಾಣವನ್ನಲ್ಲ. ಪ್ರಮಾಣ ತಿಳಿಯಬೇಕಾದರೆ ನದಿಯ ಅಡ್ಡಗಲವನ್ನೂ ಆಳವನ್ನೂ ಪ್ರವಾಹದ ವೇಗವನ್ನೂ ಬೇರೆಬೇರೆ ಮಟ್ಟಗಳಲ್ಲಿ ಅಳೆದು, ಮಟ್ಟಕ್ಕೂ ಹರಿವಿಗೂ ಇರುವ ಸಂಬಂಧವನ್ನು ಮೊದಲು ಕಂಡುಕೊಳ್ಳಬೇಕು. ನದಿಯ ತಳ ಸವೆದರೆ, ಮರಳು ತುಂಬಿದರೆ ಆ ಸಂಬಂಧವೂ ಬದಲಾಗುತ್ತದೆ, ಮತ್ತೆ ಅಳೆಯಬೇಕು. ಗೋಲು ಸುಳ್ಳು ಹೇಳುವುದಿಲ್ಲ. ಅದನ್ನು ಓದುವ ಕ್ರಮ ತಿಳಿದಿರಬೇಕು, ಅಷ್ಟೆ. ವಿದ್ಯಾರ್ಥಿಗಳ ಅಂಕವೂ ಇಂತಹ ಗೋಲು. ಅವರ ಸಂತೋಷ ಅಸಂತೋಷಗಳ ಮಟ್ಟವನ್ನು ಅದು ನಿಜವಾಗಿಯೇ ತೋರಿಸುತ್ತದೆ. ಅದರಿಂದ ಕಲಿಕೆಯ ಪ್ರಮಾಣವನ್ನು ಹೇಳಬೇಕಾದರೆ ಬೇರೆ ಅಳತೆಗಳೂ ಬೇಕು.

ಇನ್ನು ಸಣ್ಣ ತರಗತಿಯ ಲೆಕ್ಕವನ್ನು ನೋಡೋಣ. 12 ವಿದ್ಯಾರ್ಥಿಗಳಿರುವ ತರಗತಿಯಲ್ಲಿ ಎಲ್ಲರೂ 4 ಅಂಕ ಕೊಟ್ಟರೆ ಸರಾಸರಿ 4. ಅವರಲ್ಲಿ ಒಬ್ಬನು ಯಾವುದೋ ಸಿಟ್ಟಿನಿಂದ 1 ಕೊಟ್ಟರೆ ಅದು 3.75ಕ್ಕೆ ಇಳಿಯುತ್ತದೆ. ಇನ್ನೊಂದು ತರಗತಿಯ ಅಧ್ಯಾಪಕರ ಸರಾಸರಿ 3.9 ಆಗಿದ್ದರೆ, ಒಬ್ಬನ ಒಂದು ದಿನದ ಸಿಟ್ಟಿನಿಂದ ಇಬ್ಬರ ಸ್ಥಾನ ಅದಲುಬದಲಾಯಿತು. ಮತ್ತೊಂದು ಉದಾಹರಣೆ: 12 ಮಂದಿಯೂ 3 ಕೊಟ್ಟರೆ ಸರಾಸರಿ 3, ಆರು ಮಂದಿ 5, ಆರು ಮಂದಿ 1 ಕೊಟ್ಟರೂ ಸರಾಸರಿ 3. ಮೊದಲನೆಯದರಲ್ಲಿ ಪಾಠ ಎಲ್ಲರಿಗೂ ಸಾಧಾರಣವೆನಿಸಿದೆ. ಎರಡನೆಯದರಲ್ಲಿ ತರಗತಿ ಎರಡಾಗಿ ಒಡೆದಿದೆ. ಬಹುಶಃ ಇಂಗ್ಲಿಷಿನಲ್ಲಿ ಓದಿ ಬಂದವರಿಗೆ ಪಾಠ ಹಿಡಿಸಿದೆ, ಕನ್ನಡದಲ್ಲಿ ಓದಿ ಬಂದವರಿಗೆ ಒಂದಕ್ಷರವೂ ತಿಳಿದಿಲ್ಲ. ಈ ಎರಡು ರೋಗಗಳಿಗೆ ಮದ್ದು ಬೇರೆಬೇರೆ. ಸರಾಸರಿಯು ಎರಡಕ್ಕೂ ಒಂದೇ ಹೆಸರಿಟ್ಟು ಸುಮ್ಮನಾಗುತ್ತದೆ.

ಸಣ್ಣ ತರಗತಿಯಲ್ಲಿ ಹೆಸರು ಬರೆಯದಿದ್ದ ಮಾತ್ರಕ್ಕೆ ಬರೆದವರು ಯಾರೆಂಬುದು ಮರೆಯಾಗುವುದೂ ಇಲ್ಲ. ಕೊಡಗಿನ ಒಂದು ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಕನ್ನಡ ಮನೆಮಾತಿನವರು ಒಟ್ಟಿಗೆ ಕುಳಿತಿರುತ್ತಾರೆ. ಬರವಣಿಗೆಯ ದುಂಡು, ವಾಕ್ಯದ ಧಾಟಿ ನೋಡಿದರೆ ಇದು ಯಾರದೆಂದು ಅಧ್ಯಾಪಕರು ಹೇಳಿಬಿಡಬಲ್ಲರು. ಆಂತರಿಕ ಅಂಕಗಳು ಅದೇ ಅಧ್ಯಾಪಕರ ಕೈಯಲ್ಲಿರುವಾಗ ವಿದ್ಯಾರ್ಥಿಯು ಎಲ್ಲದಕ್ಕೂ ‘ಉತ್ತಮ’ ಎಂದು ಗುರುತು ಹಾಕಿ ಕೈತೊಳೆದುಕೊಂಡರೆ ಅವನನ್ನು ದೂರಲಾಗದು.

ಭಯ ವಿದ್ಯಾರ್ಥಿಗೆ ಮಾತ್ರವೇ ಅಲ್ಲ. ನಮ್ಮ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಸಾವಿರಾರು ಮಂದಿ ಅತಿಥಿ ಉಪನ್ಯಾಸಕರಾಗಿ ಪಾಠ ಹೇಳುತ್ತಿದ್ದಾರೆ. ಮುಂದಿನ ವರ್ಷ ಕೆಲಸವುಂಟೋ ಇಲ್ಲವೋ ಎಂಬ ಚಿಂತೆ ಅವರನ್ನು ಬಿಟ್ಟದ್ದಲ್ಲ. ಅಂತಹವರ ನೇಮಕವನ್ನು ಈ ಅಂಕಗಳಿಗೆ ಕಟ್ಟಿಹಾಕಿದರೆ ಏನಾದೀತು? ಕಠಿಣವಾದ ಅಧ್ಯಾಯವನ್ನು ಮೇಲೆಮೇಲೆ ಮುಗಿಸುವುದು, ಉತ್ತರಪತ್ರಿಕೆಯನ್ನು ಉದಾರವಾಗಿ ತಿದ್ದುವುದು, ಪರೀಕ್ಷೆಗೆ ಬರುವ ಪ್ರಶ್ನೆಗಳನ್ನು ಮುಂದಾಗಿ ಸೂಚಿಸುವುದು ಅವರಿಗೆ ಬದುಕುವ ದಾರಿಯಾದೀತು. ತನ್ನ ಪಾಠದಲ್ಲಿ ಕೊರತೆಯೇನೆಂದು ಮನಸ್ಸಿಟ್ಟು ಕೇಳುವ ಧೈರ್ಯ ಅನ್ನದ ಭಯವಿರುವವರಿಗೆ ಬರಲಾರದು. ಆಗ ರೈಯರ್ಸನ್ ಎಂದು ಹೆಸರಿದ್ದ ಕೆನಡದ ಟೊರಾಂಟೊ ನಗರದ ವಿಶ್ವವಿದ್ಯಾನಿಲಯವೊಂದರಲ್ಲಿ ಈ ವಿವಾದ ಮಧ್ಯಸ್ಥಗಾರರವರೆಗೆ ಹೋಯಿತು. ಬಡ್ತಿ ಮತ್ತು ಕಾಯಂ ನೇಮಕಗಳ ತೀರ್ಮಾನದಲ್ಲಿ ಬೋಧನೆಯ ಪರಿಣಾಮವನ್ನು ಅಳೆಯಲು ಈ ಅಂಕಗಳನ್ನು ಬಳಸಕೂಡದೆಂದು 2018ರಲ್ಲಿ ನಿರ್ಣಯವಾಯಿತು. ಆ ನಿರ್ಣಯದ ನ್ಯಾಯ ನಮಗೂ ಒಪ್ಪತಕ್ಕದ್ದು.

ಹಾಗಾದರೆ ಈ ಅಭಿಪ್ರಾಯಗಳಿಂದ ಪಾಠ ಸುಧಾರಿಸುವ ಮಾರ್ಗ ಯಾವುದು? ಪೀಟರ್ ಕೋಹೆನ್ ಎಂಬ ಸಂಶೋಧಕರು ಅಂದಿನವರೆಗೆ ನಡೆದಿದ್ದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 1980ರಲ್ಲಿ ಒಂದು ಉತ್ತರ ಕೊಟ್ಟರು. ಪಾಠದ ನಡುವೆ ವಿದ್ಯಾರ್ಥಿಗಳ ಅಂಕಗಳನ್ನು ಪಡೆದ ಅಧ್ಯಾಪಕರನ್ನೂ ಪಡೆಯದವರನ್ನೂ ಅವರು ಹೋಲಿಸಿದರು. ಬರಿಯ ಅಂಕಪಟ್ಟಿಯನ್ನು ಕೈಗಿತ್ತಾಗ ಸುಧಾರಣೆ ಅಲ್ಪ: ನೂರು ಮಂದಿಯ ಸಾಲಿನಲ್ಲಿ ನಡುವೆ ನಿಂತಿದ್ದ ಅಧ್ಯಾಪಕರು 58ನೆಯ ಸ್ಥಾನಕ್ಕೆ ಏರಿದಂತೆ. ಆ ಪಟ್ಟಿಯನ್ನು ತಿಳಿದವರೊಬ್ಬರು ಜೊತೆಯಲ್ಲಿ ಕುಳಿತು ಓದಿ, ಏನು ಮಾಡಬಹುದೆಂದು ಚರ್ಚಿಸಿದಾಗ ಏರಿಕೆ 74ನೆಯ ಸ್ಥಾನದವರೆಗೆ. ಈ ಸುಧಾರಣೆಯನ್ನು ಬಹುಮಟ್ಟಿಗೆ ಅಳೆದದ್ದೂ ಕೊನೆಯಲ್ಲಿ ವಿದ್ಯಾರ್ಥಿಗಳು ಕೊಟ್ಟ ಅಂಕಗಳಿಂದಲೇ ಎಂಬ ಮಿತಿಯನ್ನು ಮರೆಯಬಾರದು. ಆದರೂ ಇದರ ತಾತ್ಪರ್ಯ ಸ್ಪಷ್ಟ. ಕಲಿಸುವುದು ಕಾಗದವಲ್ಲ, ಕಾಗದವನ್ನು ಮುಂದಿಟ್ಟುಕೊಂಡು ನಡೆಯುವ ಮಾತುಕತೆ.

ಇಂತಹ ಮಾತುಕತೆಗೆ ಒಂದು ಸರಳ ಕ್ರಮವೂ ಉಂಟು. 1980ರ ಸುಮಾರಿಗೆ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡ ಈ ಕ್ರಮದಲ್ಲಿ, ಸೆಮಿಸ್ಟರಿನ ನಡುವೆ ಒಂದು ದಿನ ಅಧ್ಯಾಪಕರು ಅರ್ಧ ಗಂಟೆ ಕೊಠಡಿಯಿಂದ ಹೊರಗೆ ಹೋಗುತ್ತಾರೆ. ಅವರಿಗೆ ಬೇಕಾದ ಬೇರೊಬ್ಬ ಅಧ್ಯಾಪಕರು ಒಳಗೆ ಬರುತ್ತಾರೆ. ವಿದ್ಯಾರ್ಥಿಗಳು ನಾಲ್ಕೈದು ಮಂದಿಯ ಗುಂಪಾಗಿ ಕುಳಿತು ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾರೆ: ಈ ಪಾಠದಲ್ಲಿ ಕಲಿಯಲು ನೆರವಾಗುತ್ತಿರುವುದು ಏನು? ಅಡ್ಡಿಯಾಗುತ್ತಿರುವುದು ಏನು? ಏನನ್ನು ಬದಲಾಯಿಸಬಹುದು? ಗುಂಪುಗಳು ಹೇಳಿದ್ದನ್ನು ಬಂದವರು ಹಲಗೆಯ ಮೇಲೆ ಬರೆದು, ಹೆಚ್ಚಿನವರು ಒಪ್ಪುವ ಮಾತುಗಳನ್ನು ಉಳಿಸಿಕೊಳ್ಳುತ್ತಾರೆ. ಒಬ್ಬನ ಸಿಟ್ಟು ಇಲ್ಲಿ ತಾನಾಗಿಯೇ ಸೋಸಿಹೋಗುತ್ತದೆ. ಮಾತು ಗುಂಪಿನದಾದ್ದರಿಂದ ಕೈಬರಹದ ಭಯವಿಲ್ಲ. ಯಂತ್ರ ಬೇಡ, ಹಣ ಬೇಡ. ಹನ್ನೆರಡು ಮಂದಿಯ ತರಗತಿಗೆ ಇದು ಹೇಳಿ ಮಾಡಿಸಿದಂತಿದೆ. ಚಿಕ್ಕ ಅಳುವಾರದಲ್ಲಿ ಒಂದು ವಿಭಾಗದವರು ಇನ್ನೊಂದು ವಿಭಾಗಕ್ಕೆ ಹೋಗಿ ಮಾಡಬಹುದು. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲುಗಳ ಕಾಲೇಜುಗಳವರು ತಮ್ಮತಮ್ಮಲ್ಲಿ ವಿನಿಮಯ ಮಾಡಿಕೊಳ್ಳಬಹುದು. ಬಂದವರು ಮೇಲಧಿಕಾರಿಗಳಾಗಿರಕೂಡದು, ಕೇಳಿದ್ದನ್ನು ಮೇಲಕ್ಕೆ ಒಯ್ಯಕೂಡದು ಎಂಬ ಎರಡು ನಿಯಮಗಳನ್ನು ಮಾತ್ರ ಬಿಗಿಯಾಗಿ ಪಾಲಿಸಬೇಕು. ವಿದ್ಯಾರ್ಥಿಗಳು ತಮಗೆ ಬಂದ ಭಾಷೆಯಲ್ಲಿ ಹೇಳಲು ಅವಕಾಶವಿರಬೇಕು. ಇಂಗ್ಲಿಷಿನಲ್ಲಿ ಅರ್ಥವಾಗಲಿಲ್ಲವೆಂಬುದನ್ನು ಇಂಗ್ಲಿಷಿನಲ್ಲಿಯೇ ಬರೆಯಬೇಕೆನ್ನುವುದು ವಿಚಿತ್ರವಲ್ಲವೆ?

ಕಾಲ ಬಹು ಮುಖ್ಯ. ಸೆಮಿಸ್ಟರಿನ ಕೊನೆಯಲ್ಲಿ ಕೇಳಿದರೆ ಉತ್ತರ ಕೊಟ್ಟವರಿಗೆ ಅದರಿಂದ ಯಾವ ಪ್ರಯೋಜನವೂ ಇಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ. ಭತ್ತದ ಗದ್ದೆಗೆ ಗೊಬ್ಬರ ಸಾಲದೆಂಬ ಮಾತನ್ನು ಕೊಯ್ಲಾದ ಮೇಲೆ ಹೇಳುವವರನ್ನು ಶಿರಂಗಾಲದ ಯಾವ ರೈತನೂ ಸಲಹೆಗಾರರೆಂದು ಕರೆಯನು. ಐದನೆಯ ಅಥವಾ ಆರನೆಯ ವಾರದಲ್ಲಿ ಕೇಳಿದರೆ ಪಾಠದ ಧಾಟಿ ವಿದ್ಯಾರ್ಥಿಗಳಿಗೆ ತಿಳಿದಿರುತ್ತದೆ, ತಿದ್ದಿಕೊಳ್ಳಲು ವೇಳೆಯೂ ಉಳಿದಿರುತ್ತದೆ.

ಬಂದ ಮಾತನ್ನು ಅಧ್ಯಾಪಕರು ಓದುವುದೂ ಒಂದು ವಿದ್ಯೆ. ಹತ್ತು ಮೆಚ್ಚುಗೆಗಳ ನಡುವಿನ ಒಂದು ಕಟುನುಡಿಯೇ ಮನಸ್ಸಿನಲ್ಲಿ ಕುಟುಕುವುದು ಮನುಷ್ಯಸ್ವಭಾವ. ಆದುದರಿಂದ ಮೊದಲ ದಿನ ಓದಿ ಮುಚ್ಚಿಟ್ಟು, ಮರುದಿನ ಜೊತೆಗಾರರೊಡನೆ ಮತ್ತೆ ಓದುವುದು ಮೇಲು. ಅನಂತರ ಮಾತುಗಳನ್ನು ಮೂರು ಪಾಲು ಮಾಡಬೇಕು: ಈ ವಾರದಿಂದಲೇ ಬದಲಾಯಿಸಬಹುದಾದುವು, ಮುಂದಿನ ವರ್ಷದ ಪಾಠಕ್ಕೆ ಸೇರತಕ್ಕವು, ತಮ್ಮ ಕೈ ಮೀರಿದವು. ಮೊದಲನೆಯ ಪಾಲಿನಿಂದ ಎರಡನ್ನು ಆರಿಸಿಕೊಂಡರೆ ಸಾಕು. ಹಲಗೆಯ ಮೇಲೆ ದೊಡ್ಡದಾಗಿ ಬರೆಯುವುದು, ಸೂತ್ರಕ್ಕೆ ಮೊದಲು ಉದಾಹರಣೆ ಕೊಡುವುದು, ಪಾರಿಭಾಷಿಕ ಶಬ್ದವನ್ನು ಒಮ್ಮೆ ಕನ್ನಡದಲ್ಲಿ ಬಿಡಿಸಿ ಹೇಳುವುದು ಇಂಥವು ಕಾಣಲು ಸಣ್ಣವು, ಫಲದಲ್ಲಿ ದೊಡ್ಡವು. ಕುಣಿಯಲಾರದವಳು ನೆಲ ಡೊಂಕೆಂದಳೆಂಬಂತೆ ಎಲ್ಲವನ್ನೂ ಮೂರನೆಯ ಪಾಲಿಗೆ ತಳ್ಳದಂತೆ ಜೊತೆಗಾರರು ನೋಡಿಕೊಳ್ಳುತ್ತಾರೆ.

ಕೊನೆಯ ಹೆಜ್ಜೆಯನ್ನು ಹೆಚ್ಚಿನವರು ಮರೆಯುತ್ತಾರೆ. ಅದು ವಿದ್ಯಾರ್ಥಿಗಳಿಗೆ ಉತ್ತರ ಕೊಡುವುದು. ನೀವು ಹೇಳಿದ್ದು ಇದು, ನಾನು ಬದಲಾಯಿಸುವುದು ಇದು, ಇದನ್ನು ಬದಲಾಯಿಸಲಾರೆ, ಕಾರಣ ಹೀಗೆ ಎಂದು ಮುಂದಿನ ತರಗತಿಯಲ್ಲಿ ಹತ್ತು ನಿಮಿಷ ಹೇಳಿದರೆ ಸಾಕು. ಲೆಕ್ಕವನ್ನು ನೀವೇ ಬಿಡಿಸಬೇಕೆಂದು ಹಟ ಹಿಡಿಯುವುದೇಕೆ ಎಂಬುದನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ವಿದ್ಯಾರ್ಥಿ ಹೇಳಿದುದನ್ನೆಲ್ಲ ಮಾಡಬೇಕೆಂದಿಲ್ಲ. ಹೇಳಿದುದು ಕಿವಿಗೆ ಬಿತ್ತೆಂದು ಅವನಿಗೆ ತಿಳಿಯಬೇಕು. ಉತ್ತರ ಬಾರದ ಪ್ರಶ್ನಾವಳಿಯನ್ನು ಮೂರು ಸಲ ತುಂಬಿದವನು ನಾಲ್ಕನೆಯ ಸಲ ಕಣ್ಣುಮುಚ್ಚಿ ಗುರುತು ಹಾಕುತ್ತಾನೆ.

ಹೀಗಾದರೆ ಕೆಲಸ ಮಾಡದ ಅಧ್ಯಾಪಕರನ್ನು ಕೇಳುವವರಾರು ಎಂಬ ಆಕ್ಷೇಪ ಬರಬಹುದು. ಅದು ನ್ಯಾಯವಾದ ಆಕ್ಷೇಪವೇ. ತರಗತಿಗೆ ಬಾರದವರನ್ನು, ವಿದ್ಯಾರ್ಥಿಗಳನ್ನು ಹೀನಾಯವಾಗಿ ಕಾಣುವವರನ್ನು ವಿಚಾರಿಸಲು ಹಾಜರಿಪುಸ್ತಕವೂ ದೂರಿನ ವ್ಯವಸ್ಥೆಯೂ ಇರಬೇಕು. ಸಹೋದ್ಯೋಗಿಗಳು ಪಾಠವನ್ನು ನೋಡುವ, ಪ್ರಶ್ನೆಪತ್ರಿಕೆಗಳನ್ನು ಪರಿಶೀಲಿಸುವ ಕ್ರಮವೂ ಇರಬೇಕು. ಕಾವಲಿನ ಕೆಲಸ ಬೇರೆ, ಕಲಿಕೆಯ ಕೆಲಸ ಬೇರೆ. ಎರಡನ್ನೂ ಒಂದೇ ಕಾಗದಕ್ಕೆ ಹೊರಿಸಿದುದರಿಂದಲೇ ಅದು ಎರಡನ್ನೂ ಮಾಡದೆ ಕಡತದಲ್ಲಿ ಮಲಗಿದೆ.

ಹಳೆಯ ದೊಡ್ಡ ವಿಶ್ವವಿದ್ಯಾನಿಲಯಗಳು ತಮ್ಮ ರೂಢಿಯನ್ನು ಬದಲಾಯಿಸುವುದು ಕಷ್ಟ. ಕಾವೇರಿಯ ದಡದ ಸಣ್ಣ ತರಗತಿಗಳಿಗೆ ಆ ಕಷ್ಟವಿಲ್ಲ. ವಿದ್ಯಾರ್ಥಿಗಳ ಹೆಸರು ಹಿಡಿದು ಕರೆಯಬಲ್ಲ ಅಧ್ಯಾಪಕರಿಗೆ ಅವರೆಲ್ಲರ ಮಾತನ್ನೂ ಕೇಳಲು ಒಂದು ಗಂಟೆ ಸಾಕು. ಬರುವ ಸೆಮಿಸ್ಟರಿನ ಆರನೆಯ ವಾರದಲ್ಲಿ ಒಂದು ವಿಭಾಗದವರಾದರೂ ಈ ಪ್ರಯೋಗವನ್ನು ಕೈಗೊಂಡು, ಆದ ಅನುಭವವನ್ನು ಇತರರಿಗೆ ತಿಳಿಸುವರೆಂದು ನಾವು ಹಾರೈಸುತ್ತೇವೆ.